ಬಣ್ಣ ಎಲ್ಲಿಗೆ ಓಡುತ್ತದೆ?

ಹೊಸ ಅಂಗಿಯ ಕಾಲರಿನ ಹಿಂದೆ ಒಂದು ಚೀಟಿ ಹೊಲಿದಿದ್ದರು. ಹೆಬ್ಬೆರಳಿನ ಉಗುರಿಗಿಂತ ಒಂಚೂರು ದೊಡ್ಡದು, ಅದರಲ್ಲಿ ಇರುವೆ ಸಾಲಿನಂಥ ಅಕ್ಷರ. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು: “ಕಲರ್ ಮೇ ರನ್.” ಆಮೇಲೆ ನನ್ನ ಕಡೆ ತಿರುಗಿದಳು. “ಬಣ್ಣ ಓಡಬಹುದು ಅಂತ ಬರೆದಿದಾರಲ್ಲೋ. ಎಲ್ಲಿಗೆ ಓಡುತ್ತೆ?”

“ಬಣ್ಣ ಬಿಡುತ್ತೆ ಅಂತ ಅರ್ಥ ಅಮ್ಮ.”

“ಬಿಡೋದೇ ಬೇರೆ, ಓಡೋದೇ ಬೇರೆ” ಅಂದವಳೇ ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕಿ ಹೋದಳು. ಅವಳಿಗೆ ಅಲ್ಲಿಗೆ ಮುಗಿಯಿತು. ನನಗೆ ಅಲ್ಲಿಂದ ಶುರುವಾಯಿತು.

ಹತ್ತು ನಿಮಿಷ ನೋಡಿ ಮುಚ್ಚಿಡೋಣ ಎಂದು ನಿಘಂಟು ತೆರೆದವನು ಎದ್ದಾಗ ಮಧ್ಯಾಹ್ನದ ಸಾರು ಆರಿ ತಣ್ಣಗಾಗಿತ್ತು. ‘ರನ್’ ಎಂದರೆ ಓಡು ಎಂದು ಮೂರನೇ ಕ್ಲಾಸಿನಲ್ಲಿ ಉರು ಹೊಡೆದು ನಿಶ್ಚಿಂತನಾಗಿದ್ದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಆ ಕ್ರಿಯಾಪದ ಒಂದಕ್ಕೇ ಕೊಟ್ಟಿರುವ ಅರ್ಥಗಳು ಎಷ್ಟು ಗೊತ್ತೆ? 645! ಆರುನೂರ ನಲವತ್ತೈದು! ನಾಮಪದದ ಅರ್ಥಗಳು ಈ ಲೆಕ್ಕಕ್ಕೆ ಸೇರಿಲ್ಲ. ನಾನು ಕಲಿತದ್ದು ಒಂದು, ಬಿಟ್ಟದ್ದು 644.

ಈ ಒಂದು ಪದವನ್ನು ಪರಿಷ್ಕರಿಸಲು ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಒಂಬತ್ತು ತಿಂಗಳು ಕೂತರು. ಒಂಬತ್ತು ತಿಂಗಳು! ಒಂದು ಬಸಿರು, ಒಂದು ಹೆರಿಗೆ. ಕೂಸಿನ ಹೆಸರು ಮೂರೇ ಅಕ್ಷರ. ಅದಕ್ಕೂ ಮುಂಚೆ ಅತಿ ಹೆಚ್ಚು ಅರ್ಥಗಳ ಪದವೆಂಬ ಪಟ್ಟ ‘ಸೆಟ್’ ಎಂಬ ಇನ್ನೊಂದು ಮೂರಕ್ಷರದ ಪದದ್ದು. 1989ರ ಎರಡನೇ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥ, ವಿವರಣೆಯೇ ಸುಮಾರು 60,000 ಪದ. ಒಂದು ಪದ ತನ್ನ ಬಗ್ಗೆ ತಾನೇ ಒಂದು ಕಾದಂಬರಿಯಷ್ಟು ಬರೆಸಿಕೊಂಡಿದೆ. 2011ರಲ್ಲಿ ‘ರನ್’ ಅದನ್ನೂ ಹಿಂದೆ ಹಾಕಿ ಓಡಿತು.

ಹಿಂದೆ ಹಾಕಿದ್ದು ಹೇಗೆ? ಪರಿಣತರು ಬೆರಳು ತೋರಿಸುವುದು ಯಂತ್ರಗಳ ಕಡೆಗೆ. ಉಗಿಯಂತ್ರ ಬಂತು, ಗಿರಣಿ ಬಂತು, ರೈಲು ಬಂತು, ಮೋಟಾರು ಬಂತು, ಕಂಪ್ಯೂಟರ್ ಬಂತು. ಪ್ರತಿಯೊಂದು ಬಂದಾಗಲೂ ಇಂಗ್ಲಿಷಿನವರು ಹೊಸ ಕ್ರಿಯಾಪದ ಹುಡುಕುವ ಗೋಜಿಗೆ ಹೋಗಲಿಲ್ಲ. ಎಲ್ಲವನ್ನೂ ಈ ಬಡಪಾಯಿಯ ಹೆಗಲಿಗೇ ಏರಿಸಿದರು. ‘ಸೆಟ್’ ಎಂದರೆ ಇಟ್ಟಲ್ಲಿ ಇರುವುದು, ‘ರನ್’ ಎಂದರೆ ಇದ್ದಲ್ಲಿ ಇರದಿರುವುದು. ಕಾಲ ಯಾರ ಕಡೆಗಿತ್ತು ಎಂದು ಬೇರೆ ಹೇಳಬೇಕೆ!

ಆದರೆ ನನ್ನನ್ನು ಕುರ್ಚಿಯಿಂದ ಏಳದಂತೆ ಕಟ್ಟಿಹಾಕಿದ್ದು ಈ ಸಂಖ್ಯೆ ಅಲ್ಲ, ಪದದ ಬೇರು. ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ಕ್ರಿಯಾಪದವಿತ್ತು. ಜನರ ನಾಲಗೆಯ ಮೇಲೆ ಅಕ್ಷರಗಳು ಜಾಗ ಬದಲಿಸಿಕೊಂಡು ಅದು ‘ಇರ್ನನ್’ ಎಂದೂ ಆಯಿತು. ಪಕ್ಕದಲ್ಲೇ ‘ಆರ್ನನ್’ ಎಂಬ ಅದರ ದಾಯಾದಿ. ಓಡುವುದು ಒಂದು, ಓಡಿಸುವುದು ಇನ್ನೊಂದು. ಅಷ್ಟರಲ್ಲಿ ಕಡಲು ದಾಟಿ ಬಂದ ವೈಕಿಂಗರು ತಮ್ಮ ಭಾಷೆಯ ‘ರಿನ್ನ’, ‘ರೆನ್ನ’ಗಳನ್ನೂ ತಂದು ಸುರಿದರು. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಇಬ್ಬರ ಹೆಸರನ್ನೂ ಉಳಿಸಿಕೊಂಡವು. ಇಲ್ಲಿ ಇಷ್ಟೂ ತೊರೆ ಸೇರಿದ ಮೇಲೆ ಉಳಿದ ಹೆಸರು ಒಂದೇ, ರನ್.

ತೊರೆ ಎಂದದ್ದು ಅಲಂಕಾರಕ್ಕಲ್ಲ. ಆ ಬೇರಿನಲ್ಲಿ ಕಾಲಿನ ಓಟದಷ್ಟೇ ಹಳೆಯದು ನೀರಿನ ಹರಿವು! ಇಂಗ್ಲಿಷಿನ ದಾಯಾದಿ ಜರ್ಮನ್ ಭಾಷೆಯಲ್ಲಿ ‘ರಿನ್ನೆನ್’ ಎಂದರೆ ಇವತ್ತಿಗೂ ಹರಿಯುವುದು, ಒಸರುವುದು. ಕಾಲಿನಿಂದ ಓಡುವುದಕ್ಕೆ ಅವರು ‘ರೆನ್ನೆನ್’ ಎನ್ನುತ್ತಾರೆ. ಅದು ಹುಟ್ಟಿದ್ದು ಆ ನೀರಿನ ಕ್ರಿಯಾಪದಕ್ಕೆ ‘-ಇಸು’ ಹಚ್ಚಿದ ರೂಪದಿಂದ. ಅಂದರೆ ಜರ್ಮನ್ ಓಟಗಾರ ಓಡುತ್ತಿಲ್ಲ, ತನ್ನನ್ನು ತಾನೇ ಹರಿಸಿಕೊಳ್ಳುತ್ತಿದ್ದಾನೆ.

ಇದು ತಿಳಿದದ್ದೇ ತಡ, ಅಮ್ಮನ ಪ್ರಶ್ನೆ ಅಲ್ಲೇ ಕರಗಿಹೋಯಿತು. ಬಣ್ಣ ಎಲ್ಲಿಗೂ ಓಡುವುದಿಲ್ಲ, ಹರಿಯುತ್ತದೆ. ಮೂಗೂ ಅಷ್ಟೇ. ನೆಗಡಿಯಾದ ಮೂಗು ಇಂಗ್ಲಿಷಿನಲ್ಲಿ ಓಡುತ್ತದೆ ಎಂದು ನಾವು ಶಾಲೆಯಲ್ಲಿ ಬೆಂಚು ತಟ್ಟಿ ನಕ್ಕಿದ್ದೆವು. ಪಾಪ, ಅದು ಹರಿಯುತ್ತಿತ್ತು. ನಗಬೇಕಾದದ್ದು ನಮ್ಮ ಅನುವಾದಕ್ಕೆ.

ಇದಕ್ಕಿಂತ ಸೋಜಿಗದ್ದು ಹಾಲಿನ ಕತೆ. ಚೀಸ್ ಮಾಡುವವರು ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ‘ರೆನೆಟ್’ ಎಂಬ ಹೆಪ್ಪು ಹಾಕುತ್ತಾರಲ್ಲ, ಆ ರೆನೆಟ್ಟೂ ಇದೇ ‘ರನ್’ ಬಳ್ಳಿಯ ಕುಡಿ! ಹರಿಯುವುದನ್ನು ನಿಲ್ಲಿಸುವ ವಸ್ತುವಿಗೆ ಹರಿಯುವ ಹೆಸರು ಹೇಗೆ? ಹಾಲಿನ ಕಣಗಳು ಓಡೋಡಿ ಬಂದು ಒಂದಾಗುತ್ತವೆ, ಕೂಡಿ ಗಟ್ಟಿಯಾಗುತ್ತವೆ. ಜರ್ಮನರೂ ‘ರಿನ್ನೆನ್’ಗೆ ಮುಂದೊಂದು ‘ಗೆ’ ಸೇರಿಸಿ ‘ಗೆರಿನ್ನೆನ್’ ಎಂದು ಹಾಲು ಹೆಪ್ಪುಗಟ್ಟುವುದನ್ನು ಹೇಳುತ್ತಾರೆ. ರಾತ್ರಿ ಮಲಗುವ ಮುಂಚೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬಿಡುವಾಗ ನನಗೀಗ ಪಾತ್ರೆಯೊಳಗೆ ಮಂದಿ ಓಡುತ್ತಿರುವ ಸದ್ದು ಕೇಳಿದಂತಾಗುತ್ತದೆ.

ನೀರಿನ ಜಾಡು ಹಿಡಿದು ಅಮೆರಿಕಕ್ಕೆ ಹೋದರೆ ಇನ್ನೊಂದು ಬೆರಗು. ಅಲ್ಲಿನ ಕೆಲವು ಕಡೆ ‘ರನ್’ ಎಂದರೆ ಹಳ್ಳ, ಸಣ್ಣ ತೊರೆ. ವರ್ಜೀನಿಯಾದಲ್ಲಿ ಬುಲ್ ರನ್ ಎಂಬ ಹಳ್ಳವಿದೆ. ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ ನಡೆದದ್ದು 1861ರ ಜುಲೈ 21ರಂದು, ಅದರ ದಡದಲ್ಲೇ. ಮಾರನೇ ವರ್ಷ ಅದೇ ಜಾಗದಲ್ಲಿ ಮತ್ತೊಂದು. ಇವತ್ತು ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಬುಲ್ ರನ್’ ಎಂದು ಕಂಡರೆ ಅದು ಷೇರುಪೇಟೆಯ ಗೂಳಿ ಓಟ. ಅದೇ ಎರಡು ಪದ. ಒಂದು ಕಡೆ ರಕ್ತ ಹರಿದ ಹಳ್ಳ, ಇನ್ನೊಂದು ಕಡೆ ದುಡ್ಡು ಹರಿಯುವ ಪೇಟೆ. ಗೂಳಿ ಎರಡರಲ್ಲೂ ಇಲ್ಲ.

ಓಡದೇ ಇರುವ ರನ್ನುಗಳ ಪಟ್ಟಿ ಮಾಡಲು ಕೂತೆ. ಬ್ಯಾಂಕಿನಿಂದ ಎಲ್ಲರೂ ಒಮ್ಮೆಲೇ ದುಡ್ಡು ಕೀಳುವುದೂ ಒಂದು ರನ್. ಹಿಂದೆ ಜನ ನಿಜವಾಗಿಯೂ ಪಾಸ್‌ಬುಕ್ ಹಿಡಿದು ಓಡುತ್ತಿದ್ದರು. 2023ರ ಮಾರ್ಚಿನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಗಿರಾಕಿಗಳು ಒಂದೇ ದಿನದಲ್ಲಿ 42 ಬಿಲಿಯನ್ ಡಾಲರ್ ವಾಪಸು ಕೇಳಿದರು, ಬಹುಪಾಲು ಕೂತಲ್ಲಿಂದಲೇ, ಬೆರಳ ತುದಿಯಲ್ಲಿ. ಜ್ವರ ಬಂದು ಕಂಬಳಿ ಹೊದ್ದು ಮಲಗಿದವನೂ ಇಂಗ್ಲಿಷಿನಲ್ಲಿ ‘ಟೆಂಪರೇಚರ್ ರನ್’ ಮಾಡುತ್ತಿರುತ್ತಾನೆ. ಕೋಳಿ ಅಡ್ಡಾಡಲು ಬೇಲಿ ಹಾಕಿದ ಜಾಗ ‘ರನ್’. ಆಸ್ಟ್ರೇಲಿಯಾದಲ್ಲಿ ಕುರಿ ಮೇಯುವ ವಿಶಾಲ ಹುಲ್ಲುಗಾವಲೂ ‘ರನ್’. ಕಾಲುಚೀಲದ ಒಂದು ಎಳೆ ಬಿಟ್ಟು ಉದ್ದಕ್ಕೆ ಕಿತ್ತುಕೊಂಡರೆ ಅಮೆರಿಕನ್ನರಿಗೆ ಅದೂ ‘ರನ್’.

ಕಳ್ಳಸಾಗಣೆಯೂ ಒಂದು ಬಗೆಯ ರನ್. ‘ಬ್ಲೇಡ್ ರನ್ನರ್’ ಎಂಬ 1982ರ ಸಿನಿಮಾ ನೋಡಿ, ಇದರಲ್ಲಿ ಬ್ಲೇಡೂ ಇಲ್ಲ, ಓಡುವವನ ಕತೆಯೂ ಇದಲ್ಲ, ಇದೇನು ಹೆಸರು ಎಂದು ತಲೆ ಕೆರೆದುಕೊಂಡಿದ್ದೆ. ಹೆಸರು ಬಂದದ್ದು ಆಲನ್ ನರ್ಸ್ ಎಂಬ ಲೇಖಕರ 1974ರ ಕಾದಂಬರಿಯಿಂದ. ಅದರಲ್ಲಿ ಶಸ್ತ್ರಚಿಕಿತ್ಸೆಯ ಸಾಮಗ್ರಿಯನ್ನು ಕದ್ದು ಸಾಗಿಸುವ ಹುಡುಗರಿದ್ದಾರೆ. ಬ್ಲೇಡ್ ಸಾಗಿಸುವವರು, ಆದ್ದರಿಂದ ಬ್ಲೇಡ್ ರನ್ನರುಗಳು. ಸಿನಿಮಾ ಕತೆಯನ್ನು ಬಿಟ್ಟು ಹೆಸರನ್ನು ಮಾತ್ರ ಹೊತ್ತೊಯ್ದಿತು. ಅದನ್ನೂ ಒಂದು ರನ್ ಎನ್ನಬಹುದೇನೋ!

ಇನ್ನು ಕ್ರಿಕೆಟ್. ಇಡೀ ಕನ್ನಡನಾಡಿಗೆ ‘ರನ್’ ಪರಿಚಯವಾದದ್ದೇ ಗಲ್ಲಿ ಕ್ರಿಕೆಟ್ಟಿನಿಂದ. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. 2016ರ ಡಿಸೆಂಬರ್, ಚೆನ್ನೈ, ಎದುರಾಳಿ ಇಂಗ್ಲೆಂಡ್. ನಮ್ಮ ಕರುಣ್ ನಾಯರ್ ಔಟಾಗದೆ 303. ಅದರಲ್ಲಿ 32 ಬೌಂಡರಿ, 4 ಸಿಕ್ಸರ್. ನಾಲ್ಕರಂತೆ 128, ಆರರಂತೆ 24, ಒಟ್ಟು 152. ಅಂದರೆ ಮುನ್ನೂರ ಮೂರು ‘ಓಟ’ಗಳಲ್ಲಿ ನೂರಾ ಐವತ್ತೆರಡು ಓಡದೆ ಬಂದವು, ಓಡಿ ಬಂದವು 151! ಕೂದಲೆಳೆಯಲ್ಲಿ ಸರಿ ಅರ್ಧ. ಚೆಂಡು ಹಗ್ಗ ದಾಟಿದರೆ ಬ್ಯಾಟಿಗೆ ಒರಗಿ ನಿಂತವನ ಹೆಸರಿಗೂ ರನ್ ಬರೆಯುವ ಆಟ ಇದು. ಓಡಿ ಓಡಿ ಸುಸ್ತಾದ ಪದವನ್ನು ಕೊನೆಗೆ ನಿಲ್ಲಿಸಿದವರು ಕ್ರಿಕೆಟ್ಟಿನವರೇ.

ನಿಲ್ಲಿಸಿದ ಮಾತು ಬಂತಲ್ಲ. ನಮ್ಮಲ್ಲಿ ಚುನಾವಣೆಗೆ ಏನು ಮಾಡುತ್ತಾರೆ? ನಿಲ್ಲುತ್ತಾರೆ. “ಈ ಸಲ ಯಾರು ನಿಂತಿದಾರೆ?” ಎಂದೇ ಕೇಳುವುದು. ಬ್ರಿಟಿಷರೂ ನಮ್ಮಂತೆಯೇ ನಿಲ್ಲುತ್ತಾರೆ. ಅಮೆರಿಕನ್ನರು ಮಾತ್ರ ಚುನಾವಣೆಗೆ ಓಡುತ್ತಾರೆ! ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಹುದ್ದೆಗೆ ಓಡಿ ಸೋತರು, 2022ರಲ್ಲಿ ಅಮೆರಿಕದ ಸಂಸತ್ತಿಗೆ ಓಡಿ ಗೆದ್ದರು. ಬೆಳಗಾವಿಯಲ್ಲೇ ಉಳಿದಿದ್ದರೆ ಅವರು ನಿಲ್ಲಬೇಕಾಗುತ್ತಿತ್ತು. ಒಂದೇ ಕೆಲಸ, ಒಂದೇ ಬೆವರು. ಒಂದು ಭಾಷೆಗೆ ಅದು ಓಟವಾಗಿ ಕಂಡಿದೆ, ಇನ್ನೊಂದಕ್ಕೆ ಜನರ ಮುಂದೆ ಎದ್ದು ನಿಲ್ಲುವ ಧೈರ್ಯವಾಗಿ.

ಇಂಗ್ಲಿಷಿನವರು ಅಂಗಡಿಯನ್ನು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಹೋಟೆಲು, ಶಾಲೆ, ಸರ್ಕಾರ, ಸಂಸಾರ ಎಲ್ಲವೂ ನಮ್ಮಲ್ಲಿ ನಡೆಯುವವೇ. ಹರಿದ ನೋಟು ಕೊಟ್ಟರೆ ಕಂಡಕ್ಟರ್ “ಇದು ನಡೆಯಲ್ಲ” ಎನ್ನುತ್ತಾನೆ. ಕೈಹಿಡಿದು ಮಗುವನ್ನು ನಡೆಸಿದ ಹಾಗೆ ಸಂಸಾರ ನಡೆಸುವ ಭಾಷೆ ನಮ್ಮದು. ಹಾಗಂತ ನಾವು ಓಡುವುದೇ ಇಲ್ಲ ಎನ್ನಬೇಡಿ. ಸಿನಿಮಾ ನಮ್ಮಲ್ಲೂ ಓಡುತ್ತದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ವರ್ಷಕ್ಕೂ ಮಿಕ್ಕಿ ಓಡಿತು. ಆಟೊ ಮೀಟರ್ ಓಡುತ್ತದೆ, ಮಧ್ಯಾಹ್ನದ ಊಟದ ಮೇಲೆ ತಲೆ ಓಡುವುದಿಲ್ಲ, ಪ್ರೀತಿಸಿದವರು ಓಡಿಹೋಗುತ್ತಾರೆ. ಯಾವುದನ್ನು ಓಡಿಸಬೇಕು, ಯಾವುದನ್ನು ನಡೆಸಬೇಕು ಎಂಬ ವಿವೇಕ ಕನ್ನಡಕ್ಕೆ ಚೆನ್ನಾಗಿಯೇ ಇದೆ.

ಈ ಹುಡುಕಾಟದಲ್ಲಿ ನನ್ನ ಮೈ ಜುಂ ಎಂದದ್ದು ಕಾಲದ ವಿಷಯಕ್ಕೆ ಬಂದಾಗ. ಇಂಗ್ಲಿಷಿನಲ್ಲಿ ಹೊತ್ತು ಮೀರುತ್ತಿದ್ದರೆ ಕಾಲ ‘ರನ್ನಿಂಗ್ ಔಟ್’. ಗಾಜಿನ ಬುರುಡೆಯೊಳಗಿನ ಮರಳು ಸೋರಿ ಖಾಲಿಯಾದ ಚಿತ್ರ ಅದು. ಈಗ ನಮ್ಮ ಗಳಿಗೆ ಬಟ್ಟಲನ್ನು ನೆನಪು ಮಾಡಿಕೊಳ್ಳಿ. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ನೀರು ಮೆಲ್ಲಗೆ ಒಳಗೇರಿ, ಬಟ್ಟಲು ತುಂಬಿ, ಗುಳುಂ ಎಂದು ಮುಳುಗಿದರೆ ಒಂದು ಗಳಿಗೆ, 24 ನಿಮಿಷ. ಆ ಗಡಿಯಾರದಲ್ಲಿ ಕಾಲ ಖಾಲಿಯಾಗುವುದಿಲ್ಲ, ತುಂಬುತ್ತದೆ! ನಮ್ಮ ಮಾತು ಕೇಳಿ: ಅಪ್ಪನಿಗೆ ಅರವತ್ತು ತುಂಬಿತು. ಬಸುರಿಗೆ ದಿನ ತುಂಬಿತು. ಮದುವೆಯಾಗಿ ವರ್ಷ ತುಂಬಿತು. ಪಾಪದ ಕೊಡ ಕೂಡ ತುಂಬಿಯೇ ತುಳುಕುವುದು. ಈ ಮಾತುಗಳೆಲ್ಲ ಆ ಬಟ್ಟಲಿನಿಂದಲೇ ಎದ್ದು ಬಂದವು ಎಂದು ನಾನು ವಾದಿಸುತ್ತಿಲ್ಲ. ಆದರೆ ಒಂದೇ ಕಾಲ ಅಲ್ಲಿ ಸೋರಿಹೋಗುತ್ತಿದೆ, ಇಲ್ಲಿ ಕೂಡಿಬರುತ್ತಿದೆ. ಅರವತ್ತರ ಹತ್ತಿರ ಬಂದವರಿಗೆ ಯಾವ ಭಾಷೆಯಲ್ಲಿ ವಯಸ್ಸಾಗುವುದು ಹಿತ ಎಂದು ನಾನು ಹೇಳಬೇಕಿಲ್ಲ.

ಹಾಗಾದರೆ ‘ರನ್’ಗೆ ಸರಿಸಾಟಿಯಾದ ಕನ್ನಡ ಪದವೇ ಇಲ್ಲವೆ? ಅದನ್ನೇ ಯೋಚಿಸುತ್ತ ದಿನಪತ್ರಿಕೆ ತಿರುವಿದೆ. ಒಳಪುಟದ ಮೂಲೆಯಲ್ಲಿ ನಾವು ದಿನಾ ನೋಡುವಂಥದೇ ಒಂದು ತಲೆಬರಹ: ಲಾರಿ ಹರಿದು ಬೈಕ್ ಸವಾರ ಸಾವು. ಕಣ್ಣು ಅಲ್ಲೇ ನೆಟ್ಟಿತು. ಲಾರಿ ಹರಿದು! ಇಂಗ್ಲಿಷಿನ ‘ರನ್ ಓವರ್’ ಇದೇ ತಾನೆ? ನೀರಿನ ಪದ ಚಕ್ರ ಹತ್ತಿ ಕೂತಿದೆ, ಅಲ್ಲೂ ಇಲ್ಲೂ! ಪುಟ ತಿರುವಿದೆ. ಮೊಬೈಲಿನಲ್ಲಿ ವಿಡಿಯೊ ಹರಿದಾಡುತ್ತಿದೆ. ಜಾತ್ರೆಗೆ ಜನ ಹರಿದು ಬಂದಿದ್ದಾರೆ. ಪರಿಹಾರ ನಿಧಿಗೆ ಹಣ ಹರಿದು ಬಂದಿದೆ. ಅಧಿಕಾರಿಗಳು ಇತ್ತ ಗಮನ ಹರಿಸಬೇಕು ಎಂದು ವಾಚಕರ ವಾಣಿಯಲ್ಲಿ ಯಾರೋ ಮೊರೆಯಿಟ್ಟಿದ್ದಾರೆ. ಪತ್ರಿಕೆ ಮಡಿಸಿ ಹೊರಗೆ ನೋಡಿದರೆ ಬೆಳಕು ಹರಿದಿದೆ. ಹಾವು ಹರಿಯುತ್ತದೆ, ಸಾಲ ಹರಿಯುತ್ತದೆ, ಜಗಳ ಬಗೆಹರಿಯುತ್ತದೆ. ದಾರಿ ಅಳೆಯುವುದು ಹರಿದಾರಿ, ಹೊಳೆ ದಾಟುವುದು ಹರಿಗೋಲು, ಕಣ್ಣು ಹರಿದಷ್ಟು ದೂರ ಗದ್ದೆ. ಕಾಲುಚೀಲದ ಆ ಅಮೆರಿಕನ್ ‘ರನ್’ ನೆನಪಿದೆಯೆ? ನಮ್ಮ ಬಟ್ಟೆಯೂ ಹರಿಯುವುದೇ! ನಿಘಂಟುಕಾರರು ನೀರಿನ ಹರಿಯನ್ನೂ ಬಟ್ಟೆಯ ಹರಿಯನ್ನೂ ಬೇರೆ ಬೇರೆ ಬೇರಿನವೆಂದು ಬಿಡಿಸಿಟ್ಟಿದ್ದಾರೆ, ಹಳಗನ್ನಡದಲ್ಲಿ ಎರಡೂ ‘ಪರಿ’. ನಾಲಗೆಗೆ ಮಾತ್ರ ಒಂದೇ.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದಿತು. ಅದನ್ನು ಕಟ್ಟಿದ ಫರ್ಡಿನೆಂಡ್ ಕಿಟೆಲ್ ಜರ್ಮನರು, ‘ರಿನ್ನೆನ್’, ‘ಗೆರಿನ್ನೆನ್’ಗಳನ್ನು ತಾಯಿಯ ಬಾಯಿಂದ ಕಲಿತವರು. ಅದೇ ಹೊತ್ತಿಗೆ ಆಕ್ಸ್‌ಫರ್ಡಿನ ಹಿತ್ತಿಲಲ್ಲಿ ತಗಡಿನ ಶೆಡ್ಡೊಂದರಲ್ಲಿ ಜೇಮ್ಸ್ ಮರೆ ಚೀಟಿಗಳ ರಾಶಿಯ ನಡುವೆ ಕೂತು ತಮ್ಮ ನಿಘಂಟು ಕಟ್ಟುತ್ತಿದ್ದರು. 1879ರಲ್ಲಿ ಹೊಣೆ ಹೊತ್ತ ಮರೆ 1915ರಲ್ಲಿ ತೀರಿಕೊಂಡರು, ಕೆಲಸ ಮುಗಿದದ್ದು 1928ಕ್ಕೆ. ‘ಆರ್’ ಅಕ್ಷರ ವಿಲಿಯಂ ಕ್ರೇಗಿ ಅವರ ಪಾಲಿಗೆ ಬಂತು. ಕ್ರೇಗಿ ಐಸ್‌ಲ್ಯಾಂಡಿನ ಹಳೆಯ ಸಾಹಿತ್ಯವನ್ನು ಅರೆದು ಕುಡಿದವರು. ವೈಕಿಂಗರು ತಂದು ಸುರಿದ ಪದ ಕೊನೆಗೂ ವೈಕಿಂಗರ ಭಾಷೆ ಬಲ್ಲವನ ಮೇಜಿಗೇ ಹರಿದು ಬಂದಿತ್ತು. ನಮ್ಮಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ತುಂಬಿಸಿಕೊಂಡು 2021ರಲ್ಲಿ ಹೋದರು. ಪದ ಎಣಿಸುವವರ ಗಳಿಗೆ ಬಟ್ಟಲಿಗೆ ತೂತು ಸಣ್ಣದಿರಬೇಕು.

ಕೊನೆಯದೊಂದು, ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು. ಹಳೆಯ ಇಂಗ್ಲಿಷಿನಲ್ಲಿ ಓಡುವುದಕ್ಕೊಂದು, ಓಡಿಸುವುದಕ್ಕೊಂದು ಪದವಿತ್ತು ಎಂದೆನಲ್ಲ, ಇಂಗ್ಲಿಷ್ ಆ ವ್ಯತ್ಯಾಸವನ್ನು ಕಳೆದುಕೊಂಡಿತು. ಈಗ ಎರಡಕ್ಕೂ ‘ರನ್’ ಒಂದೇ. ಆ ಪದ ಸಾವಿರ ವರ್ಷ ಸವೆದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ಬಂತು. ಮೊನ್ನೆ ಮೆಟ್ರೊದಲ್ಲಿ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ ಹೇಳುತ್ತಿದ್ದಳು: “ನಾನು ರನ್ ಮಾಡ್ದೆ ಕಣೇ, ಆದ್ರೆ ಅದು ರನ್ ಆಗ್ತಿಲ್ಲ.” ಕೇಳಿಸಿತೆ? ರನ್ ಮಾಡು, ರನ್ ಆಗು. ‘ಆರ್ನನ್’, ‘ಇರ್ನನ್’! ಇಂಗ್ಲಿಷ್ ಕೈಬಿಟ್ಟದ್ದನ್ನು ಕನ್ನಡ ಎರಡು ಪುಟ್ಟ ಕ್ರಿಯಾಪದ ಹಚ್ಚಿ ಮತ್ತೆ ಎತ್ತಿ ನಿಲ್ಲಿಸಿದೆ. ನನ್ನ ನಿಲ್ದಾಣ ಬಂದು ಹೋದದ್ದೂ ಗೊತ್ತಾಗಲಿಲ್ಲ. ಮುಂದಿನ ಸ್ಟೇಶನ್ನಿನಲ್ಲಿ ಇಳಿದು ವಾಪಸು ಬಂದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ, “ಬಣ್ಣ ಓಡೋದಲ್ಲ ಅಮ್ಮ, ಹರಿಯೋದು ಅಂತ.”

“ಅದನ್ನೇ ನಾನು ಅವತ್ತು ಬಕೆಟ್ಟಿನಲ್ಲಿ ನೋಡಿದ್ನಲ್ಲ” ಅಂದಳು.

‘ಹರಿ’ಗಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಇವತ್ತಿಗೆ 27 ಪ್ರಯೋಗ ಸೇರಿವೆ. ನಿಮ್ಮೂರಿನ ಕಡೆ, ನಿಮ್ಮ ಅಜ್ಜಿಯ ಬಾಯಲ್ಲಿ ಇನ್ನೊಂದು ಬಗೆಯಲ್ಲಿ ಹರಿಯುತ್ತಿದ್ದರೆ ಒಂದು ಸಾಲು ಬರೆದು ಕಳಿಸಿ.